ತೆರೆಯ ಮೇಲೆ ನಾಡು, ನುಡಿ ಮತ್ತು ಎಳೆಯರು

ತಾನು ಯಾವ ನಾಡಿನವನು, ಯಾರೊಡನೆ ಸೇರಿದವನು ಎಂಬ ಪ್ರಶ್ನೆಯು ತಾಯ್ನಾಡಿನ ನಡುವೆ ಬೆಳೆಯುವ ಬಾಲಕನನ್ನು ಅಷ್ಟಾಗಿ ಬಾಧಿಸುವುದಿಲ್ಲ. ಗಡಿಯಲ್ಲಿಯೂ ಹೊರನಾಡಿನಲ್ಲಿಯೂ ಬೆಳೆಯುವವನಿಗೆ ಅದು ನಿತ್ಯದ ಪ್ರಶ್ನೆ. ಇದನ್ನು ವಿಚಾರಮಾಡುವವರಿಗೆ ಕನ್ನಡಿಗರು ತೆರೆಯ ಮೇಲೆ ತಂದ ಎರಡು ಕೃತಿಗಳು ಸಹಾಯಕವಾಗಿವೆ.

ಮೊದಲನೆಯದು, ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ. 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನವು ಅದನ್ನು ದೇಶಕ್ಕೆಲ್ಲ ತೋರಿಸಿತು. ಮೈಸೂರಿನಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ ಆರ್. ಕೆ. ನಾರಾಯಣರ ಕಲ್ಪಿತ ಊರು ಅದರಲ್ಲಿ ಮಲೆನಾಡಿನ ಆಗುಂಬೆಯಾಗಿ ಮೈದಾಳಿತು. ಮಾಸ್ಟರ್ ಮಂಜುನಾಥ್ ಅಭಿನಯಿಸಿದ ಸ್ವಾಮಿಯು ಮಿಷನ್ ಶಾಲೆಯ ವಿದ್ಯಾರ್ಥಿ. 1935ರ ಮೂಲ ಕಾದಂಬರಿಯಲ್ಲಿ, ತನ್ನ ಮನೆಯವರು ಪೂಜಿಸುವ ದೇವರನ್ನು ತರಗತಿಯಲ್ಲಿ ಹೀಗಳೆದ ಉಪಾಧ್ಯಾಯರನ್ನು ಅವನು ಪ್ರಶ್ನಿಸುತ್ತಾನೆ. ಮನೆಗೂ ಶಾಲೆಗೂ ನಡುವಣ ಬಿರುಕು ಅಲ್ಲಿ ಸ್ಪಷ್ಟವಾಗಿದೆ. ಆದರೆ ಧಾರಾವಾಹಿಯಲ್ಲಿ ಮಳೆ, ಬೀದಿ, ಹೆಂಚಿನ ಮನೆಗಳು ಕನ್ನಡನಾಡಿನವು. ದೇಶವು ಕೇಳಿದ ಮಾತು ಹಿಂದಿ. ನೋಡುಗರು ಆಗುಂಬೆಯನ್ನು ಕಂಡರೇ ಹೊರತು ಅದರ ನುಡಿಯನ್ನು ಕೇಳಲಿಲ್ಲ.

ಎರಡನೆಯದು, ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ 2018ರ ಚಲಚ್ಚಿತ್ರ. ಇಲ್ಲಿಯ ಸ್ಥಿತಿ ತದ್ವಿರುದ್ಧವಾದುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ಮಾಡಿದ ಶಿಫಾರಸು ಜಾರಿಗೆ ಬರಲಿಲ್ಲ. ಆಡಳಿತ ಬದಲಾದರೂ ಮನೆಗಳಲ್ಲಿ ಕನ್ನಡ ಉಳಿಯಿತು. ಚಿತ್ರದಲ್ಲಿ ಅಂಥ ಮಕ್ಕಳ ಶಾಲೆಗೆ ಗಣಿತ ಕಲಿಸಲು ಕನ್ನಡವರಿಯದ ಮಲಯಾಳಿ ಉಪಾಧ್ಯಾಯರು ನೇಮಕವಾಗುತ್ತಾರೆ; ಮುಂದೆ ಶಾಲೆಯೇ ಮುಚ್ಚಿ, ವಿವಾದವು ನ್ಯಾಯಾಲಯವನ್ನೇರುತ್ತದೆ. 66ನೆಯ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಮಕ್ಕಳ ಚಿತ್ರವೆನಿಸಿತು. ಭಾಷಾಭಿಮಾನವೆಂಬುದು ಇಲ್ಲಿ ಬರಿಯ ಭಾವುಕತೆಯಲ್ಲ, ಕೂಡುವ ಕಳೆಯುವ ಲೆಕ್ಕವನ್ನು ತಿಳಿದುಕೊಳ್ಳುವ ಹಕ್ಕು ಎಂಬುದೇ ಚಿತ್ರದ ತಿರುಳು.

ಈ ಎರಡು ಚಿತ್ರಗಳನ್ನು ಜೊತೆಯಲ್ಲಿಟ್ಟು ನೋಡಿದರೆ ದಿಲ್ಲಿಯ ಕನ್ನಡ ಮಕ್ಕಳ ಸ್ಥಿತಿಯು ವಿಶದವಾಗುತ್ತದೆ. ನಗರದ ವಾಯವ್ಯಕ್ಕಿರುವ ಪೀತಮ್‌ಪುರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದೂರದರ್ಶನದ 235 ಮೀಟರ್ ಎತ್ತರದ ಗೋಪುರವು 1988ರಲ್ಲಿ ಪೂರ್ಣಗೊಂಡುದು ಅಲ್ಲಿಯೇ. ಲೋಧಿ ಎಸ್ಟೇಟಿನ ಕನ್ನಡ ಶಾಲೆಯೂ ರಾಮಕೃಷ್ಣಪುರದ ಕರ್ನಾಟಕ ಸಂಘವೂ ಅಲ್ಲಿಗೆ ದೂರ. ಶಾಲೆ, ಆಟ, ಗೆಳೆತನಗಳೆಲ್ಲ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ನಡೆಯುವಾಗ, ಹೆಸರು, ಹಬ್ಬ, ಅಡಿಗೆಗಳು ಕನ್ನಡದವಾಗಿ ಉಳಿದರೂ ಬಾಲಕನು ಆಡುವ ಮಾತು ಬೇರೆಯಾಗುವುದು ಸಹಜ. ಅಂಥ ಮನೆಯು ಧಾರಾವಾಹಿಯ ಆಗುಂಬೆಯಂತಾಗುತ್ತದೆ.

ಕಾಸರಗೋಡಿನ ಕಥೆಯಲ್ಲಿ ಶಾಲೆಯನ್ನು ಮುಚ್ಚುವವರಿದ್ದರು. ಆದಕಾರಣ ಮಕ್ಕಳು ಅವರನ್ನು ಎದುರಿಸಲು ಸಾಧ್ಯವಾಯಿತು. ಪೀತಮ್‌ಪುರದಲ್ಲಿ ನುಡಿಯನ್ನು ಕಸಿಯುವವರು ಯಾರೂ ಇಲ್ಲ. ನಷ್ಟವು ಯಾರ ಅರಿವಿಗೂ ಬಾರದೆ ಒಂದು ತಲೆಮಾರಿನಲ್ಲಿಯೇ ಪೂರ್ಣವಾಗಬಹುದು. ಇಂಥ ಚಿತ್ರವನ್ನು ಎಳೆಯರಿಗೆ ತೋರಿಸುವುದು ಉಚಿತವೇ. ಆದರೆ ನೋಡಿದುದನ್ನು ಕುರಿತು ಅವರು ಮನೆಯಲ್ಲಿ ಕನ್ನಡದಲ್ಲಿಯೇ ಮಾತನಾಡುವಂತಾದಾಗ ಮಾತ್ರ ಆ ಪ್ರಯತ್ನವು ಸಾರ್ಥಕವಾಗುತ್ತದೆ.