ಆರ್‌ಬ್ಯಾಕ್ ಲುಕಪ್

ಆರ್‌ಬ್ಯಾಕ್ ಲುಕಪ್ ಎಂಬುದು ಕುಬರ್ನೆಟೀಸ್ ಕ್ಲಸ್ಟರ್‌ನಲ್ಲಿ ಒಬ್ಬ ಬಳಕೆದಾರನಿಗೆ, ಒಂದು ಗುಂಪಿಗೆ ಅಥವಾ ಒಂದು ಸೇವಾ ಖಾತೆಗೆ ಯಾವ ಯಾವ ಪಾತ್ರಗಳನ್ನು ನೀಡಲಾಗಿದೆ ಎಂಬುದನ್ನು ಪಟ್ಟಿಮಾಡಿ ತೋರಿಸುವ ಮುಕ್ತ ತಂತ್ರಾಂಶವಾಗಿದೆ. ಗೋ ಭಾಷೆಯಲ್ಲಿ ರಚಿತವಾದ ಇದು ಆದೇಶ ಸಾಲಿನಲ್ಲಿ ಕಾರ್ಯನಿರ್ವಹಿಸುತ್ತದೆ. ರಿಯಾಕ್ಟಿವ್‌ಆಪ್ಸ್ ಎಂಬ ಸಂಸ್ಥೆ ಇದನ್ನು ಅಭಿವೃದ್ಧಿಪಡಿಸಿತು. ಆ ಸಂಸ್ಥೆ 2019ರಲ್ಲಿ ಫೇರ್‌ವಿಂಡ್ಸ್ ಎಂಬ ಹೊಸ ಹೆಸರನ್ನು ಪಡೆಯಿತು.

ಹಿನ್ನೆಲೆ

ಕಂಟೈನರ್ ಎಂದರೆ ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಪೂರಕ ಕಡತಗಳೊಡನೆ ಸೇರಿಸಿ ಕಟ್ಟಿದ ಪೊಟ್ಟಣ. ಇಂತಹ ಕಂಟೈನರ್‌ಗಳನ್ನು ಹಲವು ಗಣಕಗಳ ಸಮೂಹದಲ್ಲಿ, ಅಂದರೆ ಕ್ಲಸ್ಟರ್‌ನಲ್ಲಿ, ಹಂಚಿ ನಡೆಸುವ ವ್ಯವಸ್ಥೆಯೇ ಕುಬರ್ನೆಟೀಸ್. ಗೂಗಲ್ ಸಂಸ್ಥೆ ಇದನ್ನು 2014ರಲ್ಲಿ ಪ್ರಕಟಿಸಿತು.

ಒಂದೇ ಕ್ಲಸ್ಟರನ್ನು ಅನೇಕರು ಬಳಸುವುದರಿಂದ ಯಾರು ಏನು ಮಾಡಬಹುದು ಎಂಬ ನಿಯಮ ಅಗತ್ಯವಾಗುತ್ತದೆ. ಇದಕ್ಕಾಗಿ ಪಾತ್ರಾಧಾರಿತ ಪ್ರವೇಶ ನಿಯಂತ್ರಣವನ್ನು ಬಳಸಲಾಗುತ್ತದೆ. ಈ ಮಾದರಿಯನ್ನು 1992ರಲ್ಲಿ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಎಂಬ ಅಮೆರಿಕದ ಸಂಶೋಧಕರು ನಿರೂಪಿಸಿದರು. ಅನುಮತಿಗಳನ್ನು ನೇರವಾಗಿ ವ್ಯಕ್ತಿಗೆ ಕೊಡದೆ ಪಾತ್ರಕ್ಕೆ ಕೊಡುವುದು, ಬಳಿಕ ವ್ಯಕ್ತಿಯನ್ನು ಪಾತ್ರಕ್ಕೆ ಸೇರಿಸುವುದು ಇದರ ತತ್ತ್ವ. ಕುಬರ್ನೆಟೀಸ್‌ನಲ್ಲಿ ಇದು 2017ರಲ್ಲಿ ಬಿಡುಗಡೆಯಾದ 1.8ನೇ ಆವೃತ್ತಿಯಲ್ಲಿ ಸ್ಥಿರ ರೂಪಕ್ಕೆ ಬಂದಿತು.

ಪಾತ್ರ ಮತ್ತು ಜೋಡಣೆ

ಕುಬರ್ನೆಟೀಸ್ ನಾಲ್ಕು ಬಗೆಯ ದಾಖಲೆಗಳ ಮೂಲಕ ಈ ನಿಯಂತ್ರಣವನ್ನು ನಡೆಸುತ್ತದೆ.

• ರೋಲ್: ನೇಮ್‌ಸ್ಪೇಸ್ ಎಂಬ ಒಂದು ವಿಭಾಗದೊಳಗಿನ ಅನುಮತಿಗಳ ಪಟ್ಟಿ.
• ಕ್ಲಸ್ಟರ್‌ರೋಲ್: ಯಾವುದೇ ಒಂದು ವಿಭಾಗಕ್ಕೆ ಸೇರದ, ಕ್ಲಸ್ಟರ್ ಮಟ್ಟದಲ್ಲಿ ರಚಿಸಿದ ಅನುಮತಿಗಳ ಪಟ್ಟಿ.
• ರೋಲ್‌ಬೈಂಡಿಂಗ್: ಒಂದು ವಿಭಾಗದ ಮಟ್ಟಿಗೆ ಪಾತ್ರವನ್ನು ವ್ಯಕ್ತಿ, ಗುಂಪು ಅಥವಾ ಸೇವಾ ಖಾತೆಗೆ ಸೇರಿಸುವ ಜೋಡಣೆ.
• ಕ್ಲಸ್ಟರ್‌ರೋಲ್‌ಬೈಂಡಿಂಗ್: ಇಡೀ ಕ್ಲಸ್ಟರ್‌ಗೆ ಅನ್ವಯಿಸುವ ಜೋಡಣೆ.

ಇಲ್ಲಿ ಅನುಮತಿಗಳು ಕೂಡುತ್ತಾ ಹೋಗುತ್ತವೆಯೇ ಹೊರತು ಒಂದು ನಿಯಮ ಇನ್ನೊಂದನ್ನು ನಿಷೇಧಿಸುವುದಿಲ್ಲ. ಆದ್ದರಿಂದ ಮರೆತುಹೋದ ಒಂದೇ ಒಂದು ಜೋಡಣೆ ಉಳಿದರೂ ಅದು ಕೊಟ್ಟ ಅಧಿಕಾರ ಪೂರ್ಣವಾಗಿ ಉಳಿಯುತ್ತದೆ.

ಪ್ರತಿಯೊಂದು ಜೋಡಣೆಯೂ ಪಾತ್ರವೊಂದನ್ನು ಹೆಸರಿಸಿ, ಅದನ್ನು ಪಡೆದವರನ್ನು ಅದರ ಕೆಳಗೆ ನಮೂದಿಸುತ್ತದೆ. ಆದರೆ ನಿರ್ವಾಹಕರಿಗೆ ಎದುರಾಗುವ ಪ್ರಶ್ನೆ ಸಾಮಾನ್ಯವಾಗಿ ಇದರ ವಿಲೋಮ: ಈ ವ್ಯಕ್ತಿಯ ಬಳಿ ಯಾವ ಪಾತ್ರಗಳಿವೆ? ಅದಕ್ಕೆ ಉತ್ತರಿಸಲು ಎಲ್ಲ ವಿಭಾಗಗಳ ಎಲ್ಲ ಜೋಡಣೆಗಳನ್ನೂ ಓದಬೇಕು. ಆರ್‌ಬ್ಯಾಕ್ ಲುಕಪ್ ಮಾಡುವ ಕೆಲಸ ಇದೇ.

ಕಾರ್ಯವಿಧಾನ

ಹುಡುಕಬೇಕಾದ ಹೆಸರನ್ನು ಅಥವಾ ಅದರ ಒಂದು ಭಾಗವನ್ನು ಕೊಟ್ಟರೆ, ಸಲಕರಣೆಯು ಜೋಡಣೆಗಳನ್ನು ಓದಿ ಹೆಸರು, ವ್ಯಾಪ್ತಿ ಮತ್ತು ಪಾತ್ರ ಎಂಬ ಮೂರು ಅಂಕಣಗಳ ಪಟ್ಟಿಯನ್ನು ಮುದ್ರಿಸುತ್ತದೆ. ವಿಸ್ತೃತ ಪಟ್ಟಿಯನ್ನು ಕೇಳಿದರೆ ಆ ಪಾತ್ರ ಯಾವ ಜೋಡಣೆಯಿಂದ ಬಂದಿದೆ ಎಂಬುದೂ ಕಾಣುತ್ತದೆ. ಅನಗತ್ಯ ಜೋಡಣೆಯನ್ನು ಅಳಿಸಲು ಈ ಮಾಹಿತಿ ಬೇಕಾಗುತ್ತದೆ. ಬಳಕೆದಾರ, ಗುಂಪು, ಸೇವಾ ಖಾತೆ ಎಂಬ ಬಗೆಗಳ ಪ್ರಕಾರವೂ ಪಟ್ಟಿಯನ್ನು ಸೋಸಬಹುದು. ಈ ಸಲಕರಣೆ ಯಾವುದನ್ನೂ ಬದಲಾಯಿಸುವುದಿಲ್ಲ. ಆದರೆ ಇದನ್ನು ನಡೆಸುವವರಿಗೆ ಜೋಡಣೆಗಳನ್ನು ಓದುವ ಅನುಮತಿ ಇರಬೇಕು.

ಉದಾಹರಣೆ

ಬೆಂಗಳೂರಿನ ರಾಜರಾಜೇಶ್ವರಿನಗರದ ಇಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಒಂದು ಕ್ಲಸ್ಟರ್ ಇದೆ ಎಂದು ಭಾವಿಸಬಹುದು. ಸಹಾಯಕನಾಗಿದ್ದ ಅಂತಿಮ ವರ್ಷದ ವಿದ್ಯಾರ್ಥಿಗೆ ‘ಲ್ಯಾಬ್’ ವಿಭಾಗದಲ್ಲಿ ‘ಎಡಿಟ್’ ಪಾತ್ರವನ್ನು ಕೊಡಲಾಗಿತ್ತು. ಪರೀಕ್ಷೆಯ ಹಿಂದಿನ ದಿನ ಸರ್ವರ್ ಕೆಟ್ಟಾಗ, ದುರಸ್ತಿಗೆಂದು ಅವನಿಗೆ ‘ಕ್ಲಸ್ಟರ್-ಅಡ್ಮಿನ್’ ಪಾತ್ರವನ್ನೂ ತಾತ್ಕಾಲಿಕವಾಗಿ ಕೊಟ್ಟರು. ಅವನು ಪದವಿ ಮುಗಿಸಿದ ಮೇಲೆ ಮೊದಲನೆಯ ಜೋಡಣೆಯನ್ನು ಮಾತ್ರ ಅಳಿಸಲಾಯಿತು. ‘ಲ್ಯಾಬ್’ ವಿಭಾಗವನ್ನಷ್ಟೇ ನೋಡುವವರಿಗೆ ಎಲ್ಲವೂ ಸರಿಯಾಗಿ ತೋರುತ್ತದೆ. ವಿದ್ಯಾರ್ಥಿಯ ಹೆಸರಿನಲ್ಲಿ ಹುಡುಕಿದಾಗ ಮಾತ್ರ ಈ ಸಾಲು ಕಾಣಿಸುತ್ತದೆ:

ಸಹಾಯಕ-1 | ಇಡೀ ಕ್ಲಸ್ಟರ್ | ಕ್ಲಸ್ಟರ್‌ರೋಲ್: ಕ್ಲಸ್ಟರ್-ಅಡ್ಮಿನ್

ಮಹತ್ತ್ವ

ಹೆಚ್ಚುವರಿ ಜೋಡಣೆಗಳು ಮರೆವಿನಿಂದ ಮಾತ್ರ ಉಳಿಯುವುದಿಲ್ಲ. ದಾಳಿಕೋರರೂ ಅವುಗಳನ್ನು ಸೃಷ್ಟಿಸುತ್ತಾರೆ. ಆಕ್ವಾ ಸೆಕ್ಯೂರಿಟಿ ಸಂಸ್ಥೆ 2023ರಲ್ಲಿ ‘ಆರ್‌ಬ್ಯಾಕ್ ಬಸ್ಟರ್’ ಎಂಬ ದಾಳಿಯನ್ನು ವಿವರಿಸಿತು. ತಪ್ಪಾಗಿ ಸಂರಚಿಸಿದ ಕ್ಲಸ್ಟರ್‌ಗೆ ನುಗ್ಗಿದವರು ನಿರ್ವಾಹಕನಿಗೆ ಸಮೀಪದ ಅಧಿಕಾರವುಳ್ಳ ಪಾತ್ರವೊಂದನ್ನು ರಚಿಸಿ, ವ್ಯವಸ್ಥೆಯದೇ ಭಾಗವೆಂದು ತೋರುವ ಹೆಸರಿನ ಸೇವಾ ಖಾತೆಗೆ ಅದನ್ನು ಜೋಡಿಸಿದ್ದರು. ಹೀಗೆ ಮಾಡಿದರೆ, ಮೊದಲಿನ ದೋಷವನ್ನು ಸರಿಪಡಿಸಿದ ಮೇಲೂ ದಾಳಿಕೋರರ ಪ್ರವೇಶ ಉಳಿಯುತ್ತದೆ. ಪಾತ್ರಗಳ ಪಟ್ಟಿಯನ್ನು ನಿಯತವಾಗಿ ತೆಗೆದು ಹಿಂದಿನದರೊಡನೆ ಹೋಲಿಸಿದರೆ ಇಂತಹ ಹೊಸ ಸಾಲುಗಳು ಗಮನಕ್ಕೆ ಬರುತ್ತವೆ.

ಮಿತಿಗಳು

• ಪಟ್ಟಿಯು ಪಾತ್ರದ ಹೆಸರನ್ನು ತಿಳಿಸುತ್ತದೆ, ಅದರೊಳಗಿನ ಅನುಮತಿಗಳನ್ನಲ್ಲ. ‘ವ್ಯೂ’ ಪಾತ್ರದಿಂದ ರಹಸ್ಯ ದತ್ತಾಂಶವನ್ನು ಓದಲಾಗದು, ‘ಎಡಿಟ್’ ಪಾತ್ರದಿಂದ ಓದಬಹುದು ಎಂಬಂತಹ ವ್ಯತ್ಯಾಸಗಳನ್ನು ಬೇರೆಯಾಗಿ ನೋಡಬೇಕು.
• ಯಾವ ವ್ಯಕ್ತಿ ಯಾವ ಗುಂಪಿನಲ್ಲಿದ್ದಾನೆ ಎಂಬುದನ್ನು ಕುಬರ್ನೆಟೀಸ್ ದಾಖಲಿಸಿಡುವುದಿಲ್ಲ. ಅದು ಪ್ರಮಾಣಪತ್ರದಿಂದ ಅಥವಾ ಹೊರಗಿನ ಗುರುತು ವ್ಯವಸ್ಥೆಯಿಂದ ಬರುತ್ತದೆ. ಹೀಗಾಗಿ ಗುಂಪಿನ ಮೂಲಕ ದೊರೆತ ಪಾತ್ರ ವ್ಯಕ್ತಿಯ ಹೆಸರಿನಲ್ಲಿ ಹುಡುಕಿದಾಗ ಕಾಣುವುದಿಲ್ಲ.
• ‘ಸಿಸ್ಟಂ:ಮಾಸ್ಟರ್ಸ್’ ಗುಂಪಿನ ಸದಸ್ಯರಿಗೆ ಜೋಡಣೆಗಳನ್ನೆಲ್ಲ ಅಳಿಸಿದರೂ ಪೂರ್ಣ ಅಧಿಕಾರ ಉಳಿಯುತ್ತದೆ.
• ಒಂದು ವಿಭಾಗದಲ್ಲಿ ಕಂಟೈನರ್‌ಗಳನ್ನು ಆರಂಭಿಸಬಲ್ಲವರು ಆ ವಿಭಾಗದ ಸೇವಾ ಖಾತೆಗಳ ಅಧಿಕಾರವನ್ನೂ ಬಳಸಬಹುದು. ಈ ಪರೋಕ್ಷ ಅಧಿಕಾರ ಪಟ್ಟಿಯಲ್ಲಿ ಇರುವುದಿಲ್ಲ.

ಆದ್ದರಿಂದ ಪಟ್ಟಿಯಲ್ಲಿ ಹೆಸರು ಇಲ್ಲದಿರುವುದು ಅಧಿಕಾರ ಇಲ್ಲವೆಂಬುದಕ್ಕೆ ಪುರಾವೆಯಾಗುವುದಿಲ್ಲ.

ಸಂಬಂಧಿತ ಸಲಕರಣೆಗಳು

ಕುಬರ್ನೆಟೀಸ್‌ನ ಅಧಿಕೃತ ಆದೇಶ ಸಾಲಿನ ಸಲಕರಣೆಯಲ್ಲಿರುವ ‘ಆತ್ ಕ್ಯಾನ್-ಐ’ ಎಂಬ ಆದೇಶ, ಒಬ್ಬ ಬಳಕೆದಾರ ನಿರ್ದಿಷ್ಟ ಕ್ರಿಯೆಯೊಂದನ್ನು ಮಾಡಬಹುದೇ ಎಂದು ಕ್ಲಸ್ಟರನ್ನೇ ಕೇಳಿ ಹೇಳುತ್ತದೆ. ಆಕ್ವಾ ಸೆಕ್ಯೂರಿಟಿಯ ‘ಹೂ-ಕ್ಯಾನ್’ ಒಂದು ಕ್ರಿಯೆಯನ್ನು ಯಾರೆಲ್ಲ ಮಾಡಬಹುದು ಎಂಬುದನ್ನು ತೋರಿಸುತ್ತದೆ. ಪರಿಶೀಲನೆಯಲ್ಲಿ ಈ ಮೂರನ್ನೂ ಒಟ್ಟಾಗಿ ಬಳಸುವುದರಿಂದ ಒಂದರ ಕೊರತೆಯನ್ನು ಇನ್ನೊಂದು ಬಹುಮಟ್ಟಿಗೆ ತುಂಬುತ್ತದೆ.