ಮನೆಯಲ್ಲಿರುವ ಮಕ್ಕಳಿಗೆ ಮಧ್ಯಾಹ್ನದ ಊಟ: ನಮ್ಮ ಹೊಲದ್ದೇ ಕಾಳು, ನಮ್ಮ ಹಿತ್ತಲದ್ದೇ ಸೊಪ್ಪು



ಯಾವ ಬೆಳೆಗೆ ಯಾವ ಹಂತದಲ್ಲಿ ನೀರು ಬೇಕು, ಯಾವಾಗ ಗೊಬ್ಬರ ಬೇಕು ಎಂಬುದು ನಿಮಗೆ ಚೆನ್ನಾಗಿ ಗೊತ್ತು. ತೆನೆ ಕಟ್ಟುವ ಕಾಲಕ್ಕೆ ತೇವ ತಪ್ಪಿದ ಜೋಳಕ್ಕೆ ಆಮೇಲೆ ಎಷ್ಟು ನೀರು ಹಾಯಿಸಿದರೂ ಕಾಳು ತುಂಬುವುದಿಲ್ಲ. ಮಕ್ಕಳ ಬೆಳವಣಿಗೆಗೂ ಇಂಥ ಹಂತಗಳಿವೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ತೊಗರಿ, ಹೆಸರು, ಶೇಂಗಾ, ಜೋಳ ಬೆಳೆದು ಪೇಟೆಗೆ ಕಳಿಸುವ ಜಿಲ್ಲೆಯಲ್ಲಿ ಹೀಗಿರುವುದು ನಾವೆಲ್ಲರೂ ಕುಳಿತು ಯೋಚಿಸಬೇಕಾದ ಸಂಗತಿ.

ಶಾಲೆ ನಡೆಯುವ ದಿನಗಳಲ್ಲಿ ಮಕ್ಕಳಿಗೆ ಬಿಸಿಯೂಟ ಸಿಗುತ್ತದೆ. ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಪ್ರಾರಂಭವಾದದ್ದೇ ನಮ್ಮ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಮೊಟ್ಟೆ ಅಥವಾ ಬಾಳೆಹಣ್ಣು ಕೊಡುವ ಕ್ರಮವೂ ಮೊದಲು ಯಾದಗಿರಿ ಸೇರಿದಂತೆ ಈ ಭಾಗದಲ್ಲಿಯೇ ಜಾರಿಗೆ ಬಂತು. ಆದರೆ ಭಾನುವಾರ, ಹಬ್ಬ ಹುಣ್ಣಿಮೆ, ಏಪ್ರಿಲ್-ಮೇ ತಿಂಗಳ ರಜೆ, ಇವೆಲ್ಲ ಕೂಡಿದರೆ ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ ಮಗು ಮಧ್ಯಾಹ್ನ ಮನೆಯಲ್ಲೇ ಉಣ್ಣಬೇಕು. ಅದೇ ವೇಳೆಗೆ ತಾಯಿ ಹತ್ತಿ ಬಿಡಿಸಲಿಕ್ಕೋ, ಕಳೆ ತೆಗೆಯಲಿಕ್ಕೋ ಹೊಲಕ್ಕೆ ಹೋಗಿರುತ್ತಾಳೆ. ಮಗು ತಣ್ಣನೆಯ ಅನ್ನಕ್ಕೆ ತಿಳಿಸಾರು ಕಲಸಿಕೊಂಡು ಉಣ್ಣುತ್ತದೆ; ಇಲ್ಲವೇ ಐದು ರೂಪಾಯಿ ಹಿಡಿದು ಅಂಗಡಿಯ ಕುರುಕಲು ಪೊಟ್ಟಣ ತರುತ್ತದೆ. ಎಷ್ಟೋ ಮನೆಗಳಲ್ಲಿ ಸಾಮಗ್ರಿಗೆ ಕೊರತೆಯಿಲ್ಲ, ಮಾಡಿಡಲು ವೇಳೆಯ ಕೊರತೆಯಿದೆ. ಆದ್ದರಿಂದ ಬೆಳಗಿನ ಅಡಿಗೆಯ ಜೊತೆಗೇ ಮಾಡಿಡಬಹುದಾದ, ಮಧ್ಯಾಹ್ನದವರೆಗೆ ಕೆಡದ, ಒಲೆ ಹೊತ್ತಿಸದೆ ಮಕ್ಕಳೇ ಬಡಿಸಿಕೊಂಡು ಉಣ್ಣಬಹುದಾದ ಕೆಲವು ಅಡಿಗೆಗಳನ್ನು ಇಲ್ಲಿ ಕೊಟ್ಟಿದೆ.

ಗಂಗಾಳದಲ್ಲಿ ಏನಿರಬೇಕು?

7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1700 ಕಿಲೊ ಕ್ಯಾಲೊರಿ ಶಕ್ತಿ ಮತ್ತು 23 ಗ್ರಾಂ ಸಸಾರಜನಕ ಬೇಕು. ಇದರ ಮೂರನೆಯ ಒಂದು ಭಾಗವಾದರೂ ಮಧ್ಯಾಹ್ನದ ಊಟದಿಂದ ಬರಬೇಕು. ಲೆಕ್ಕ ಕಠಿಣವೇನಲ್ಲ. ಗಂಗಾಳದಲ್ಲಿ ನಾಲ್ಕು ವಸ್ತುಗಳಿವೆಯೇ ಎಂದು ನೋಡಿದರೆ ಸಾಕು: ಧಾನ್ಯ, ಬೇಳೆ ಅಥವಾ ಕಾಳು, ಸೊಪ್ಪು ಅಥವಾ ಕಾಯಿಪಲ್ಯ, ಎಣ್ಣೆಕಾಳು.

60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 6 ಗ್ರಾಂ ಸಸಾರಜನಕ, 2 ಮಿಲಿಗ್ರಾಂಗೆ ಮೇಲ್ಪಟ್ಟು ಕಬ್ಬಿಣ ಇರುತ್ತದೆ. ಅದರೊಂದಿಗೆ 30 ಗ್ರಾಂ ಹೆಸರುಕಾಳಿನ ಉಸುಳಿ ಇದ್ದರೆ ಇನ್ನೂ 7 ಗ್ರಾಂ ಸಸಾರಜನಕ ಸೇರಿ, ದಿನದ ಅಗತ್ಯದ ಅರ್ಧಕ್ಕಿಂತ ಹೆಚ್ಚು ಒಂದೇ ಊಟದಲ್ಲಿ ದೊರೆತಂತಾಯಿತು. ಅದೇ 60 ಗ್ರಾಂ ಪಾಲಿಶ್ ಅಕ್ಕಿಯ ಅನ್ನಕ್ಕೆ ತಿಳಿಸಾರು ಸುರಿದರೆ ಸಿಗುವುದು ನಾಲ್ಕೈದು ಗ್ರಾಂ ಮಾತ್ರ, ಕಬ್ಬಿಣವಂತೂ ನಾಮಮಾತ್ರ. ಅನ್ನ ಬೇಡವೆಂದು ಇದರ ಅರ್ಥವಲ್ಲ. ಅನ್ನ ಮಾಡಿದ ದಿನ ಬೇಳೆ ಗಟ್ಟಿಯಾಗಿರಬೇಕು.

ಇನ್ನೊಂದು ಮಾತು. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಎಳ್ಳಿನಲ್ಲಿ ಧಾರಾಳವಾಗಿದೆ. ರೊಟ್ಟಿ, ಕಾಳುಪಲ್ಯ, ಮೇಲೊಂದು ಚಮಚ ಹಿಂಡಿ ಎಂದು ನಮ್ಮ ಹಿರಿಯರು ಜೋಡಿಸಿದ ಊಟಕ್ಕೆ ಹೀಗೆ ವಿಜ್ಞಾನದ ಆಧಾರವೂ ಇದೆ.

ಏಳು ದಿನಕ್ಕೆ ಏಳು ಬಗೆ

ಇಲ್ಲಿನ ಅಳತೆ ಇಬ್ಬರು ಮಕ್ಕಳಿಗೆ ಸಾಕಾಗುವಂಥದು. ಬಟ್ಟಲು ಎಂದರೆ ಮನೆಯಲ್ಲಿ ಬಳಸುವ ಸಣ್ಣ ಬಟ್ಟಲು. ಖಾರವನ್ನು ದೊಡ್ಡವರ ಅಡಿಗೆಗಿಂತ ಅರ್ಧಕ್ಕೆ ಇಳಿಸಿರಿ. ಖಾರ ಹೆಚ್ಚಾದರೆ ಮಕ್ಕಳು ಪಲ್ಯ ಬಿಟ್ಟು ಬರೀ ರೊಟ್ಟಿ ತಿನ್ನುತ್ತವೆ.

ಸೋಮವಾರ: ರೊಟ್ಟಿ ಮತ್ತು ಮೊಳಕೆ ಹೆಸರಿನ ಉಸುಳಿ. ಅರ್ಧ ಬಟ್ಟಲು ಹೆಸರುಕಾಳನ್ನು ಹಿಂದಿನ ದಿನ ಬೆಳಿಗ್ಗೆ ನೆನೆಹಾಕಿ, ಸಂಜೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮರುದಿನ ಬೆಳಿಗ್ಗೆ ಮೊಳಕೆ ಬಂದಿರುತ್ತದೆ. ಸಾಸಿವೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆಯಲ್ಲಿ ಹಾಕಿ, ಸ್ವಲ್ಪ ನೀರು ಚಿಮುಕಿಸಿ ಮುಚ್ಚಿ ಬೇಯಿಸಿರಿ. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು. ಬಿಸಿಗೆ 'ಸಿ' ಜೀವಸತ್ವ ಹಾಳಾಗುತ್ತದೆ. ಈ ಜೀವಸತ್ವವಿದ್ದರೆ ಕಾಳಿನ ಕಬ್ಬಿಣ ದೇಹಕ್ಕೆ ಚೆನ್ನಾಗಿ ಸೇರುತ್ತದೆ.

ಮಂಗಳವಾರ: ಪುಂಡಿಪಲ್ಯ. ಎರಡು ಹಿಡಿ ಪುಂಡಿ ಸೊಪ್ಪು, ಕಾಲು ಬಟ್ಟಲು ತೊಗರಿಬೇಳೆ, ಕಾಲು ಬಟ್ಟಲು ಜೋಳದ ನುಚ್ಚು. ಬೇಳೆ ಮತ್ತು ನುಚ್ಚನ್ನು ಮೆತ್ತಗೆ ಬೇಯಿಸಿ, ಬೇರೆಯಾಗಿ ಬೇಯಿಸಿದ ಸೊಪ್ಪನ್ನು ಕೂಡಿಸಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಕುಟ್ಟಿದ ಶೇಂಗಾ ಒಂದು ಹಿಡಿ ಹಾಕಿದರೆ ಹುಳಿ ಹದವಾಗುತ್ತದೆ. ಹುಳಿಯ ಗುಣದಿಂದ ಈ ಪಲ್ಯ ಬೇರೆ ಪಲ್ಯಗಳಿಗಿಂತ ಹೆಚ್ಚು ಹೊತ್ತು ಕೆಡದೆ ಇರುತ್ತದೆ.

ಬುಧವಾರ: ನುಗ್ಗೆಸೊಪ್ಪಿನ ಖಿಚಡಿ. ಒಂದು ಬಟ್ಟಲು ಅಕ್ಕಿಗೆ ಅರ್ಧ ಬಟ್ಟಲು ಹೆಸರುಬೇಳೆ. ಒಗ್ಗರಣೆಗೆ ಎಳೆಯ ನುಗ್ಗೆಸೊಪ್ಪು ಒಂದು ಹಿಡಿ ಹಾಕಿ ಬಾಡಿಸಿ, ಅಕ್ಕಿ ಬೇಳೆ ಅರಿಶಿನ ಕೂಡಿಸಿ ಬೇಯಿಸಿರಿ. ನುಗ್ಗೆಸೊಪ್ಪಿನಲ್ಲಿ ಸುಣ್ಣದ ಅಂಶವೂ 'ಎ' ಜೀವಸತ್ವಕ್ಕೆ ಬೇಕಾದ ಅಂಶವೂ ಹೇರಳವಾಗಿವೆ.

ಗುರುವಾರ: ತಾಲಿಪಟ್ಟು. ಎರಡು ಪಾಲು ಜೋಳದ ಹಿಟ್ಟಿಗೆ ಒಂದು ಪಾಲು ಕಡಲೆಹಿಟ್ಟು, ಹೆಚ್ಚಿದ ಮೆಂತ್ಯ ಅಥವಾ ರಾಜಗಿರಿ ಸೊಪ್ಪು, ಉಳ್ಳಾಗಡ್ಡಿ, ಒಂದು ಚಮಚ ಎಳ್ಳು, ಉಪ್ಪು, ಜೀರಿಗೆ. ಕಲಸಿ ಹಂಚಿನ ಮೇಲೆ ತೆಳ್ಳಗೆ ತಟ್ಟಿ ಎರಡೂ ಬದಿ ಎಣ್ಣೆ ಬಿಟ್ಟು ಬೇಯಿಸಿರಿ. ಸೊಪ್ಪು ಕಂಡರೆ ಮುಖ ತಿರುಗಿಸುವ ಮಕ್ಕಳೂ ಇದನ್ನು ತಿನ್ನುತ್ತವೆ. ಮೊಸರಿದ್ದರೆ ಜೊತೆಗೆ ಕೊಡಿ.

ಶುಕ್ರವಾರ: ಸಜ್ಜೆರೊಟ್ಟಿ ಮತ್ತು ಬದನೆಕಾಯಿ ಎಣ್ಣೆಗಾಯಿ. ರೊಟ್ಟಿ ಬಡಿಯುವಾಗ ಮೇಲೆ ಎಳ್ಳು ಹಚ್ಚಿರಿ. ಎಣ್ಣೆಗಾಯಿಗೆ ಹುರಿದ ಶೇಂಗಾ, ಎಳ್ಳು, ಗುರೆಳ್ಳಿನ ಪುಡಿ ತುಂಬಿರಿ. ಸಜ್ಜೆಯಲ್ಲಿ ಜೋಳಕ್ಕಿಂತಲೂ ಹೆಚ್ಚು ಕಬ್ಬಿಣವಿದೆ. ಆದರೆ ಅದರ ಹಿಟ್ಟು ಬೇಗ ಕಹಿಯಾಗುತ್ತದೆ; ನಾಲ್ಕೈದು ದಿನಕ್ಕೆ ಸಾಕಾಗುವಷ್ಟನ್ನೇ ಬೀಸಿಸಿರಿ.

ಶನಿವಾರ: ಝುಣಕದ ವಡಿ. ಒಂದು ಬಟ್ಟಲು ಕಡಲೆಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಉಳ್ಳಾಗಡ್ಡಿ ಒಗ್ಗರಣೆಯಲ್ಲಿ ಗಟ್ಟಿಯಾಗುವವರೆಗೆ ಕೈಯಾಡಿಸಿರಿ. ಎಣ್ಣೆ ಸವರಿದ ತಾಟಿನಲ್ಲಿ ಹರಡಿ, ಆರಿದ ಮೇಲೆ ತುಂಡು ಮಾಡಿರಿ. ರೊಟ್ಟಿಯಲ್ಲಿ ಸುತ್ತಿ ಕೈಯಲ್ಲಿ ಹಿಡಿದು ತಿನ್ನಲು ಅನುಕೂಲ.

ಭಾನುವಾರ: ಅನ್ನ, ಗಟ್ಟಿ ತೊಗರಿಬೇಳೆ, ಜೊತೆಗೆ ಮೊಟ್ಟೆ ಉಣ್ಣುವ ಮನೆಗಳಲ್ಲಿ ಒಂದೊಂದು ಮೊಟ್ಟೆ. ಉಣ್ಣದವರು ಶೇಂಗಾ, ಎಳ್ಳು, ಬೆಲ್ಲ ಕುಟ್ಟಿ ಕಟ್ಟಿದ ಉಂಡೆ ಕೊಡಲಿ. 100 ಗ್ರಾಂ ಎಳ್ಳಿನಲ್ಲಿ 1200 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಬೆಳೆಯುವ ಎಲುಬಿಗೆ ಇದು ಬೇಕು.

ಇವುಗಳಲ್ಲದೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇವುಗಳಲ್ಲಿ ಒಂದಾದರೂ ಡಬ್ಬಿಯಲ್ಲಿ ಸದಾ ಇರಲಿ. ಪಲ್ಯ ಮಾಡಲು ಸಾಧ್ಯವೇ ಆಗದ ದಿನ ರೊಟ್ಟಿ, ಹಿಂಡಿ, ಮೊಸರು, ಒಂದು ಸವತೆಕಾಯಿ ಇದ್ದರೂ ಊಟ ಪೂರ್ಣವಾಗುತ್ತದೆ.

ಬೇಸಿಗೆಯಲ್ಲಿ ಒಂದು ಎಚ್ಚರ

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಬೇಯಿಸಿದ ಬೇಳೆ, ಅನ್ನ ಬೇಗನೆ ಹಳಸುತ್ತವೆ. ಈ ಎರಡು ತಿಂಗಳು ರೊಟ್ಟಿ, ಝುಣಕದ ವಡಿ, ತಾಲಿಪಟ್ಟು, ಹಿಂಡಿಯಂಥ ಒಣ ಪದಾರ್ಥಗಳಿಗೆ ಪ್ರಾಶಸ್ತ್ಯ ಕೊಡಿ. ಖಿಚಡಿ, ಬೇಳೆಯನ್ನು ರಾತ್ರಿಯ ಊಟಕ್ಕೆ ಇಟ್ಟುಕೊಳ್ಳಿ. ಮಜ್ಜಿಗೆಯ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿಡಿ.

ಬಿತ್ತುವಾಗಲೇ ಊಟದ ಯೋಚನೆ

ಬೇಸಾಯ ಶಾಸ್ತ್ರದ ವಿಜ್ಞಾನಿ ಅಡಿಗೆಯ ಮಾತಾಡುವುದೇಕೆ ಎಂದು ನೀವು ಕೇಳಬಹುದು. ಮಗುವಿನ ಗಂಗಾಳಕ್ಕೆ ಏನು ಬೀಳುತ್ತದೆ ಎಂಬುದರಲ್ಲಿ ಹೆಚ್ಚಿನ ಪಾಲು ಜೂನ್ ತಿಂಗಳ ಬಿತ್ತನೆಯಲ್ಲಿಯೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಮುಂದಿನ ಮಾತು ಮನೆಯ ಗಂಡಸರಿಗೂ ಸೇರಿದ್ದು.

ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರ ಭಾಗದಲ್ಲಿ ಭತ್ತ ಮತ್ತು ಹತ್ತಿ ಹಬ್ಬಿದವು. ಯಾದಗಿರಿ ತಾಲ್ಲೂಕಿನ ಮಳೆಯಾಶ್ರಿತ ಹೊಲಗಳಲ್ಲೂ ಹತ್ತಿ ಬಂತು. ಕೈಗೆ ಹಣ ಬಂದದ್ದು ನಿಜ. ಆದರೆ ಅಕ್ಕಡಿಯಾಗಿ ಬರುತ್ತಿದ್ದ ಹೆಸರು, ಎಳ್ಳು, ಪುಂಡಿ, ಸಜ್ಜೆ ಎಷ್ಟೋ ಹೊಲಗಳಿಂದ ಮರೆಯಾದವು. ಮನೆಯಲ್ಲಿ ಬೆಳೆಯದ ಕಾಳನ್ನು ಅಂಗಡಿಯಿಂದ ತರುವಾಗ ಪ್ರಮಾಣ ತಾನಾಗಿ ಕಡಿಮೆಯಾಗುತ್ತದೆ. ಕಡಿಮೆಯಾದ ಪಾಲು ಮಕ್ಕಳ ಗಂಗಾಳದ್ದು.

ಹತ್ತಿ ಬಿಡಿರಿ ಎಂದು ನಾವು ಹೇಳುವುದಿಲ್ಲ. ಹತ್ತು ಗುಂಟೆ ಮಾತ್ರ ಮನೆಗೆಂದು ತೆಗೆದಿಡಿ. ಐದು ಜನರ ಮನೆಯಲ್ಲಿ ತಲೆಗೆ ದಿನಕ್ಕೆ 30 ಗ್ರಾಂನಂತೆ 300 ದಿನಕ್ಕೆ ಬೇಕಾಗುವ ಕಾಳು 45 ಕಿಲೊ. ಎಕರೆಗೆ 2 ಕ್ವಿಂಟಾಲ್ ಎಂಬ ಸಾಧಾರಣ ಇಳುವರಿ ಹಿಡಿದರೂ 10 ಗುಂಟೆಯಲ್ಲಿ 50 ಕಿಲೊ ಹೆಸರು ಬರುತ್ತದೆ. ಜೂನ್‌ನಲ್ಲಿ ಬಿತ್ತಿದ ಹೆಸರು 65-70 ದಿನಗಳಲ್ಲಿ ಕಟಾವಿಗೆ ಬಂದು, ಅದೇ ನೆಲ ಹಿಂಗಾರಿ ಬಿಳಿಜೋಳಕ್ಕೆ ತೆರವಾಗುತ್ತದೆ.

ತೊಗರಿ ಬೆಳೆಯುವವರು ರಾಶಿಯಾದ ಕೂಡಲೇ ಎಲ್ಲವನ್ನೂ ಮಾರದೆ ಒಂದು ಕ್ವಿಂಟಾಲ್ ಮನೆಗೆ ಉಳಿಸಿಕೊಳ್ಳಿ. ಅದರಿಂದ ಸುಮಾರು 70 ಕಿಲೊ ಬೇಳೆ ಸಿಗುತ್ತದೆ. ಜನವರಿಯಲ್ಲಿ ತೊಗರಿ ಮಾರಿ ಜುಲೈಯಲ್ಲಿ ಬೇಳೆ ಕೊಳ್ಳುವುದರಲ್ಲಿ ನಷ್ಟ ಯಾರಿಗೆಂದು ನೀವೇ ಲೆಕ್ಕ ಹಾಕಿರಿ. ಉಳಿಸಿದ ಕಾಳನ್ನು ಹಲ್ಲಿಗೆ ಕಟ್ಟೆಂದು ಮುರಿಯುವಷ್ಟು ಒಣಗಿಸಿ, ಕಿಲೊಗೆ 5 ಮಿ.ಲೀ. ಅಡಿಗೆ ಎಣ್ಣೆ ಸವರಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಹುಳು ಬೀಳುವುದು ಕಡಿಮೆ.

ಹಿತ್ತಲಿನಲ್ಲಿ ಬಚ್ಚಲ ನೀರು ಹರಿಯುವ ಕಡೆ ಎರಡು ನುಗ್ಗೆ, ಒಂದು ನಿಂಬೆ, ಒಂದು ಕರಿಬೇವು, ಎರಡು ಪಪ್ಪಾಯಿ ಹಚ್ಚಿರಿ. ಒಂದು ಮಡಿಯಲ್ಲಿ ಮೆಂತ್ಯ, ರಾಜಗಿರಿ, ಪುಂಡಿಯನ್ನು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿದರೆ ಸೊಪ್ಪು ತಪ್ಪುವುದಿಲ್ಲ.

ಮರೆಯಬಾರದ ಮಾತುಗಳು

1. ಔಷಧ ಹೊಡೆದ ಹತ್ತಿ ಹೊಲದ ಸಾಲುಗಳಲ್ಲಿ ಎದ್ದ ಸೊಪ್ಪನ್ನು ಕಿತ್ತು ತಂದು ಮಕ್ಕಳಿಗೆ ಬೇಯಿಸಬೇಡಿ. ತೊಳೆದರೂ ಎಲ್ಲ ವಿಷ ಹೋಗುವುದಿಲ್ಲ. ಪಲ್ಯದ ಸೊಪ್ಪಿಗೆ ಬೇರೆ ಮಡಿಯೇ ಬೇಕು.

2. ಕೀಟನಾಶಕದ ಖಾಲಿ ಡಬ್ಬಿ, ಬಾಟಲಿಗಳಲ್ಲಿ ನೀರು, ಎಣ್ಣೆ, ಹಿಟ್ಟು ಏನನ್ನೂ ಇಡಬಾರದು. ಹೊಲದಿಂದ ಬಂದವರು ಸೋಪಿನಿಂದ ಕೈ ತೊಳೆದೇ ಮಕ್ಕಳಿಗೆ ಬಡಿಸಬೇಕು.

3. ಬೂಸ್ಟು ಹಿಡಿದ, ಬಣ್ಣಗೆಟ್ಟ ಶೇಂಗಾಕಾಳನ್ನು ಆರಿಸಿ ಎಸೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಹುರಿದರೆ ಅದು ಪೂರ್ತಿ ನಾಶವಾಗುವುದಿಲ್ಲ.

4. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಮಕ್ಕಳಿಗೆ ಚಹಾ ಕೊಡಬೇಡಿ. ಆಹಾರದ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದಕ್ಕೆ ಅದು ಅಡ್ಡಿ.

5. ಹೆಣ್ಣು ಮಗುವಿಗೂ ಗಂಡು ಮಗುವಿಗೂ ಒಂದೇ ಅಳತೆಯಲ್ಲಿ ಬಡಿಸಿರಿ. ಅಣ್ಣ ತಮ್ಮಂದಿರು ಉಂಡ ಮೇಲೆ ಉಳಿದದ್ದು ಹುಡುಗಿಗೆ ಎಂಬ ಪದ್ಧತಿ ಇದ್ದರೆ ಇಂದೇ ನಿಲ್ಲಲಿ.

ಮುಂಗಾರಿನ ಬೀಜ ತರುವ ಪಟ್ಟಿ ಬರೆಯುವಾಗ ಅದರಲ್ಲಿ ಎರಡು ಕಿಲೊ ಹೆಸರು, ಒಂದು ಹಿಡಿ ಎಳ್ಳು, ಒಂದು ಹಿಡಿ ಪುಂಡಿಬೀಜವನ್ನೂ ಸೇರಿಸಿರಿ. ಪಟ್ಟಿಯನ್ನು ಮನೆಯಾಕೆಯೊಂದಿಗೆ ಕುಳಿತು ಬರೆಯಿರಿ. ಡಬ್ಬಿಯಲ್ಲಿ ಯಾವುದು ಮುಗಿದಿದೆ ಎಂಬುದು ಆಕೆಗೆ ಗೊತ್ತು. ತಳಿಗಳ ಆಯ್ಕೆ, ಅಕ್ಕಡಿ ಬೆಳೆ, ಕೈತೋಟಗಳ ವಿಷಯದಲ್ಲಿ ಸಂದೇಹವಿದ್ದರೆ ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಾಗಲಿ ವಿಚಾರಿಸಿರಿ. ಈ ಸಲ ಹತ್ತು ಗುಂಟೆಯಲ್ಲಿ ಬಿತ್ತಿದ್ದು ಮುಂದಿನ ಬೇಸಿಗೆ ರಜೆಯ ಹೊತ್ತಿಗೆ ಮಕ್ಕಳ ಗಂಗಾಳ ಸೇರಲಿ.