ಎತ್ತರ ಅಳೆಯಲು ಮೂರು ಮಂಡ್ಯ

ಮಂಡ್ಯ ಜಿಲ್ಲೆಯ ಹೊಸಹೊಳಲಿನ ಕಡೆ ರಜಕ್ಕೆ ಊರಿಗೆ ಬಂದ ಹುಡುಗ ಬಾಗಿಲಿಗೆ ತಲೆ ತಾಗುವಷ್ಟು ಬೆಳೆದಿದ್ದರೆ ಅಜ್ಜಿಯ ತೀರ್ಪು ಸಿದ್ಧವಾಗಿರುತ್ತದೆ: ‘ಸ್ವಾದರಮಾವ್ನಂಗೇ ಉದ್ದುಕ್ ಬೆಳ್ದವ್ನೆ ಕಣವ್ವ.’ ಮಾತು ಸುಳ್ಳಲ್ಲ. ಸೋದರಮಾವನಿಗೂ ಅಕ್ಕನ ಮಗನಿಗೂ ಸರಾಸರಿ ಕಾಲು ಪಾಲು ಡಿಎನ್‌ಎ ಒಂದೇ. ಆದರೆ ಆ ಕಾಲು ಪಾಲಿನಲ್ಲಿ ಎತ್ತರ ಎಲ್ಲಿ ಕೂತಿದೆ ಎಂದು ಹುಡುಕಹೊರಟ ವಿಜ್ಞಾನಿಗಳಿಗೆ ಮೂರು ಮಂಡ್ಯ ಜಿಲ್ಲೆಯಷ್ಟು ಜನ ಬೇಕಾದರು.

ಉತ್ಪ್ರೇಕ್ಷೆಯಲ್ಲ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. 2022ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿದ ಎತ್ತರದ ಅಧ್ಯಯನದಲ್ಲಿದ್ದವರು ಸುಮಾರು 54 ಲಕ್ಷ. ನಾಗಮಂಗಲದಿಂದ ಮಳವಳ್ಳಿವರೆಗೆ ತೊಟ್ಟಿಲ ಕೂಸನ್ನೂ ಬಿಡದೆ ಎಣಿಸಿ, ಆಮೇಲೆ ಇನ್ನೂ ಎರಡು ಸಲ ಎಣಿಸಿದಷ್ಟು. ಇಷ್ಟು ಮಂದಿಯ ಡಿಎನ್‌ಎ ಜಾಲಾಡಿದ ಮೇಲೆ ಎತ್ತರಕ್ಕೆ ಸಂಬಂಧಪಟ್ಟ 12,111 ಜಾಗಗಳು ಸಿಕ್ಕವು. ಅವುಗಳ ಆಸುಪಾಸನ್ನೂ ಸೇರಿಸಿದರೆ ಇಡೀ ಜೀನೋಮಿನ, ಅಂದರೆ ನಮ್ಮ ಪೂರ್ತಿ ಡಿಎನ್‌ಎ ಬರಹದ, ಐದನೇ ಒಂದು ಭಾಗ!

ಹುಡುಕುವ ಉಪಾಯ ಮಾತ್ರ ಬಲು ಸರಳ. ತಂದೆಯಿಂದ ಸುಮಾರು 300 ಕೋಟಿ, ತಾಯಿಯಿಂದ ಅಷ್ಟೇ ಅಕ್ಷರಗಳು ನಮಗೆ ಬಂದಿವೆ. ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಬರಹ ಅದು. ಒಂದು ಜಾಗ ಹಿಡಿಯಿರಿ. ಅಲ್ಲಿ ಎ ಇರುವವರ ಸರಾಸರಿ ಎತ್ತರ ಎಷ್ಟು, ಜಿ ಇರುವವರದು ಎಷ್ಟು? ಬರೆದುಕೊಂಡು ಮುಂದಿನ ಜಾಗಕ್ಕೆ ಹೋಗಿ. ಹೀಗೆ ಲಕ್ಷಾಂತರ ಸಲ.

ಇಲ್ಲೇ ಒಂದು ಗುಂಡಿ ಇದೆ. ‘ಇಪ್ಪತ್ತಕ್ಕೆ ಒಂದು ಸಲ ಆಕಸ್ಮಿಕ ಇದ್ದೀತು, ಪರವಾಗಿಲ್ಲ’ ಎಂಬುದು ಸಂಖ್ಯಾಶಾಸ್ತ್ರದ ಮಾಮೂಲಿ ರಿಯಾಯಿತಿ. ಹತ್ತು ಲಕ್ಷ ಜಾಗಗಳಿಗೆ ಆ ರಿಯಾಯಿತಿ ಕೊಟ್ಟರೆ, ಎತ್ತರಕ್ಕೆ ಸಂಬಂಧವೇ ಇಲ್ಲದ 50,000 ಜಾಗಗಳು ನಾನೂ ನಾನೂ ಎಂದು ಎದ್ದು ನಿಲ್ಲುತ್ತವೆ. ಆದ್ದರಿಂದ ನಿಯಮ ಬಿಗಿಯಾಗಿದೆ: ಆಕಸ್ಮಿಕದ ಸಾಧ್ಯತೆ ಎರಡು ಕೋಟಿಗೆ ಒಂದಕ್ಕಿಂತ ಕಡಿಮೆ ಇರಬೇಕು.

ಆ ಪರೀಕ್ಷೆಯಲ್ಲಿ ಪಾಸಾಗುವುದು ಸುಲಭವಲ್ಲ. 2007ರಲ್ಲಿ ಎಚ್‌ಎಮ್‌ಜಿಎ2 ಎಂಬ ಜೀನ್ ಸಿಕ್ಕಿತು. ಅದರ ಎತ್ತರ ಹೆಚ್ಚಿಸುವ ರೂಪದ ಒಂದು ಪ್ರತಿಯ ಕೊಡುಗೆ ಸುಮಾರು 4 ಮಿಲಿಮೀಟರ್. ಅದೇ ದೊಡ್ಡ ಕುಳಗಳಲ್ಲೊಂದು! ಉಳಿದವುಗಳಲ್ಲಿ ಹೆಚ್ಚಿನವು ಮಿಲಿಮೀಟರ್, ಅರ್ಧ ಮಿಲಿಮೀಟರ್ ಗಿರಾಕಿಗಳು. 2010ರಲ್ಲಿ 1.8 ಲಕ್ಷ ಜನರನ್ನು ನೋಡಿದಾಗ 180 ಜಾಗ, 2018ರಲ್ಲಿ 7 ಲಕ್ಷ ಜನರನ್ನು ನೋಡಿದಾಗ 3,290. ಜನ ಹೆಚ್ಚಿದಷ್ಟೂ ಇನ್ನೂ ಸಣ್ಣ ಪಾಲುದಾರರು ಬಿಲದಿಂದ ಹೊರಬಂದರು.

ಇನ್ನು ನಮ್ಮ ಪಾಲಿನ ಲೆಕ್ಕ. ಆ 54 ಲಕ್ಷದಲ್ಲಿ ಯುರೋಪ್ ಮೂಲದವರು ಮುಕ್ಕಾಲು ಭಾಗ. ಭಾರತ, ಪಾಕಿಸ್ತಾನ, ಬಾಂಗ್ಲಾ ಎಲ್ಲ ಸೇರಿದ ದಕ್ಷಿಣ ಏಷ್ಯಾ ಮೂಲದವರು 77,890. ನೂರಕ್ಕೆ ಒಂದೂವರೆಯೂ ಇಲ್ಲ. ಫಲ ಕಣ್ಣೆದುರಿಗಿದೆ: ಈ ಜಾಗಗಳು ಯುರೋಪಿನವರ ಎತ್ತರದ ಏರುಪೇರಿನಲ್ಲಿ ನೂರಕ್ಕೆ ಸುಮಾರು 40 ಪಾಲನ್ನು ವಿವರಿಸಿದರೆ, ಉಳಿದವರಲ್ಲಿ 10ರಿಂದ 20 ಪಾಲನ್ನು ಮಾತ್ರ.

ಇದು ನನಗೆ ನಷ್ಟವೆಂದೇ ಅನ್ನಿಸುತ್ತದೆ. ಯಾಕೆಂದರೆ ಈ ಸೀಮೆಯ ಸಂಬಂಧಗಳೇ ಒಂದು ದೊಡ್ಡ ಪ್ರಯೋಗ. ಅಕ್ಕನ ಮಗಳನ್ನೇ ತಂದುಕೊಂಡ ಮನೆಯ ಮಗುವಿನಲ್ಲಿ ಜೀನೋಮಿನ ಸರಾಸರಿ ಎಂಟನೇ ಒಂದು ಭಾಗದ ಎರಡೂ ಪ್ರತಿಗಳು ಒಂದೇ ಪೂರ್ವಜರಿಂದ ಬಂದಿರುತ್ತವೆ. ಅಂದರೆ 37 ಕೋಟಿ ಅಕ್ಷರಗಳು. ಅತ್ತೆ ಮಗ, ಮಾವನ ಮಗಳಾದರೆ ಅದರರ್ಧ. 2015ರಲ್ಲಿ ಮೂರೂವರೆ ಲಕ್ಷ ಜನರ ಮೇಲೆ ನಡೆದ ಅಧ್ಯಯನದ ಪ್ರಕಾರ, ಅಂಥ ಅತ್ತೆ–ಮಾವನ ಮಕ್ಕಳಿಗೆ ಹುಟ್ಟಿದವರ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆ. (ಸರಾಸರಿ ಅಂದೆ. ಮನೆಯ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆಯಬೇಡಿ.)

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ 2020ರಲ್ಲಿ ಶುರುವಾದ ‘ಜೀನೋಮ್ ಇಂಡಿಯಾ’ ಈ ಕೊರತೆಗೆ ಕೈ ಹಾಕಿದೆ. 2025ರಲ್ಲಿ ಅದು ಕೊಟ್ಟ ಲೆಕ್ಕ: 83 ಸಮುದಾಯಗಳ 9,772 ಜನರ ಪೂರ್ತಿ ಜೀನೋಮ್, 18 ಕೋಟಿ ಅಕ್ಷರಭೇದಗಳು. ದೊಡ್ಡ ಕೆಲಸವೇ. ಆದರೆ ಭಾಗಿಸಿದರೆ ಸಮುದಾಯಕ್ಕೆ ತಲಾ 118 ಜನ. ಬೀಗರೂಟದ ಮೊದಲ ಪಂಕ್ತಿಗೇ ಇಷ್ಟು ಮಂದಿ ಕೂತಿರುತ್ತಾರೆ. ಒಂದು ಮಿಲಿಮೀಟರ್ ಕೊಡುವ ಒಂದೇ ಒಂದು ಜಾಗವನ್ನು, ಅದರ ಎರಡು ರೂಪಗಳೂ ಜನರಲ್ಲಿ ಸರಿಸಮ ಹಂಚಿಹೋಗಿದ್ದರೂ, ಎರಡು ಕೋಟಿಗೊಂದರ ನಿಯಮದಂತೆ ಹಿಡಿಯಲು ಮೂರು ಲಕ್ಷಕ್ಕೂ ಹೆಚ್ಚು ಜನ ಬೇಕು. ಕೆ.ಆರ್. ಪೇಟೆ ತಾಲ್ಲೂಕಿಗೆ ತಾಲ್ಲೂಕೇ ಸಾಲಾಗಿ ಬಂದು ನಿಂತರೂ ಆ ಲೆಕ್ಕ ತುಂಬುವುದಿಲ್ಲ; ಪಕ್ಕದ ಪಾಂಡವಪುರದವರನ್ನೂ ಕರೆಯಬೇಕಾಗುತ್ತದೆ.